ಹಿತ್ತಿಲ ಬೆಕ್ಕುಗಳು: ಕೊಲ್ಲದೆ, ದೂರ ಬಿಟ್ಟು ಬಾರದೆ ಹತೋಟಿಗೆ ತರೋದು ಹೇಗೆ?

ಹಿತ್ತಿಲ ಪಾತಿ (ಉಡುಪಿ)

ಹಂಚಿನ ಮನೆ, ಸುತ್ತ 12 ಸೆಂಟ್ಸ್ ಜಾಗ. ಯಾರೂ ಸಾಕದ ಏಳು ಬೆಕ್ಕುಗಳು ಕಾಯಂ ಇವೆ, ಒಂದೂ ಕೈಗೆ ಸಿಗುವುದಿಲ್ಲ. ಹರಿವೆ, ಬೆಂಡೆ ಪಾತಿಯಲ್ಲೆಲ್ಲ ಹೊಲಸು. ಬಾಗಿಲಿಗೂ ಸ್ಕೂಟರಿಗೂ ಗಂಡುಗಳು ಮೂತ್ರ ಹಾರಿಸುತ್ತವೆ. ಅಟ್ಟದಲ್ಲಿ ಒಂದು ಹೆಣ್ಣು ಮರಿ ಹಾಕಿದ ಹಾಗಿದೆ, ಸದ್ದು ಕೇಳುತ್ತೆ. ಗೋಣಿಗೆ ತುಂಬಿ ಮೀನು ಮಾರ್ಕೆಟ್ ಹತ್ತಿರ ಬಿಟ್ಟು ಬನ್ನಿ ಅನ್ನುವ ಸಲಹೆ ಧಾರಾಳವಾಗಿ ಬರುತ್ತಿದೆ. ವಿಷ, ಹೊಡೆತ ಬೇಡ. ಎಲ್ಲಿಂದ ಶುರು ಮಾಡಬೇಕು, ಯಾವುದಾದ ಮೇಲೆ ಯಾವುದು? ಬಲ್ಲವರು ಬಿಡಿಸಿ ಹೇಳಿ.

ಮಾಳಬೆಕ್ಕು

ಮೊದಲು ಗೋಣಿಯ ಮಾತು ಮುಗಿಸೋಣ. ನಿಮ್ಮ ಹಿತ್ತಿಲಲ್ಲಿ ಏಳು ಬೆಕ್ಕು ಇವೆ ಅಂದರೆ ಏಳು ಬೆಕ್ಕಿಗಾಗುವಷ್ಟು ಊಟ, ನೀರು, ಮರೆ ಅಲ್ಲಿದೆ ಅಂತ ಅರ್ಥ. ಏಳನ್ನೂ ಎತ್ತಿ ಬಿಟ್ಟು ಬಂದರೆ ಆ ಜಾಗ ಖಾಲಿ ಉಳಿಯೋದಿಲ್ಲ. ಬೇಲಿಯಾಚೆ ಕಾದು ಕೂತವು ಒಳಗೆ ಬರುತ್ತವೆ, ಅವು ಆಪರೇಷನ್ ಆಗದವು, ಆರು ತಿಂಗಳಲ್ಲಿ ಲೆಕ್ಕ ಮತ್ತೆ ಅಲ್ಲಿಗೇ ಬರುತ್ತೆ. ಒಯ್ದು ಬಿಟ್ಟ ಬೆಕ್ಕಿನ ಪಾಡು ಇನ್ನೂ ಕಷ್ಟ. ಮೀನು ಮಾರ್ಕೆಟ್‌ನಲ್ಲಿ ಆಗಲೇ ಬೀಡುಬಿಟ್ಟ ಬೆಕ್ಕುಗಳು ಹೊಸಬನನ್ನು ಕಚ್ಚಿ ಓಡಿಸುತ್ತವೆ, ಅದು ಮನೆ ಹುಡುಕುತ್ತ ರಸ್ತೆಗೆ ಬೀಳುತ್ತೆ.

ಉಳಿದಿರುವ ದಾರಿ ಒಂದೇ: ಬೋನಿಟ್ಟು ಹಿಡಿಯೋದು, ಸಂತಾನಹರಣ ಮಾಡಿಸೋದು, ಹಿಡಿದ ಜಾಗದಲ್ಲೇ ಬಿಡೋದು. ಜೊತೆಗೆ ಪಾತಿ, ಅಟ್ಟ, ಕಸದ ಬುಟ್ಟಿ ಸರಿಮಾಡೋದು. ಎರಡರಲ್ಲಿ ಒಂದನ್ನಷ್ಟೇ ಮಾಡಿದರೆ ಪ್ರಯೋಜನ ಕಡಿಮೆ.

ಇನ್ನೊಂದು ಗಟ್ಟಿಯಾಗಿ ಹೇಳಬೇಕು. ಏಳರಲ್ಲಿ ಮೂರಕ್ಕೆ ಮಾಡಿಸಿ "ಸದ್ಯಕ್ಕೆ ಸಾಕು" ಅಂತ ನಿಲ್ಲಿಸಿದರೆ ಖರ್ಚು ದಂಡ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರುತ್ತೆ, ಗಬ್ಬದ ಅವಧಿ ಸುಮಾರು 63ರಿಂದ 65 ದಿನ, ಒಂದು ಸೂಲಿಗೆ ಮೂರರಿಂದ ಐದು ಮರಿ. ಚಳಿ ದೇಶಗಳಲ್ಲಿ ಹಗಲು ಗಿಡ್ಡವಾದಾಗ ಬೆದೆ ನಿಲ್ಲುತ್ತೆ. ನಮ್ಮಲ್ಲಿ ಹಗಲಿನ ಉದ್ದ ವರ್ಷವಿಡೀ ಹೆಚ್ಚುಕಡಿಮೆ ಒಂದೇ, ಹಾಗಾಗಿ ಬಿಡುವೇ ಇಲ್ಲ. ಮೊಲೆಯೂಡಿಸುವಾಗಲೇ ಮತ್ತೆ ಗಬ್ಬವಾಗುವುದೂ ಉಂಟು. ಮುಕ್ಕಾಲು ಪಾಲಿಗಿಂತ ಹೆಚ್ಚು ಬೆಕ್ಕುಗಳಿಗೆ ಆಪರೇಷನ್ ಆದರೆ ಮಾತ್ರ ಸಂಖ್ಯೆ ಇಳಿಯತೊಡಗುತ್ತೆ. ನಿಮ್ಮ ಲೆಕ್ಕದಲ್ಲಿ ಕನಿಷ್ಠ ಆರು.

ಬೋನು ಮುಟ್ಟುವ ಮೊದಲು ಒಂದು ವಾರ ಬರೀ ಪಟ್ಟಿ ಮಾಡಿ. ಬಣ್ಣ, ಬಾಲ, ಯಾವ ಹೊತ್ತಿಗೆ ಎಲ್ಲಿಂದ ಬರುತ್ತೆ, ಮೊಬೈಲ್ ಫೋಟೋ. ಕಪ್ಪು, ಕೆಂಪು, ಬಿಳಿ ಮೂರೂ ಬಣ್ಣ ಸೇರಿದ್ದರೆ ಅದು ಹೆಣ್ಣು ಅಂತಲೇ ಇಟ್ಟುಕೊಳ್ಳಿ, ತಪ್ಪುವುದು ತೀರಾ ಅಪರೂಪ. ಕೆನ್ನೆ ದಪ್ಪಗೆ ಊದಿ ತಲೆ ದೊಡ್ಡದಾಗಿ ಕಾಣುವುದು ವಯಸ್ಸಿಗೆ ಬಂದ ಗಂಡು. ಸರದಿಯಲ್ಲಿ ಹೆಣ್ಣುಗಳು ಮೊದಲು.

ದನದ ಡಾಕ್ಟ್ರು

ಪಟ್ಟಿ ಮಾಡುವ ವಾರದಲ್ಲೇ ಅಟ್ಟದ ಕಡೆ ಗಮನ ಕೊಡಿ. ಮರಿಗಳ ವಯಸ್ಸು ಗೊತ್ತಾಗದೆ ತಾಯಿಯನ್ನು ಹಿಡಿಯಬೇಡಿ. ಕಣ್ಣು ಮುಚ್ಚಿದ್ದರೆ ಹತ್ತು ದಿನದೊಳಗಿನವು. ಕಣ್ಣು ಬಿಟ್ಟು, ಕಿವಿ ನೆಟ್ಟಗಾಗಿ, ತೂರಾಡುತ್ತ ನಡೆದರೆ ಮೂರು ವಾರ. ಹಲ್ಲು ಕಂಡು, ಓಡಿ ಆಡತೊಡಗಿದರೆ ಐದು ವಾರ. ತೂಕ ಹಾಕಲು ಸಾಧ್ಯವಾದರೆ ಇನ್ನೂ ಖಚಿತ, ವಾರಕ್ಕೆ ಸುಮಾರು 100 ಗ್ರಾಂ ಹೆಚ್ಚುತ್ತ ಹೋಗಿ ಎರಡು ತಿಂಗಳಿಗೆ ಒಂದು ಕೆ.ಜಿ. ಹತ್ತಿರ ಬರುತ್ತವೆ.

ಮರಿಗಳು ಐದಾರು ವಾರ ದಾಟಿ ತಾವೇ ತಿನ್ನತೊಡಗಿದ ಮೇಲೆ ತಾಯಿಯನ್ನು ಹಿಡಿಯುವುದು ಒಳ್ಳೆಯದು. ಅದಕ್ಕಿಂತ ತಡಮಾಡಿದರೆ ಮತ್ತೆ ಗಬ್ಬವಾಗಿರುತ್ತೆ. ಗೊತ್ತಿಲ್ಲದೆ ಹಾಲೂಡಿಸುವ ಬೆಕ್ಕು ಬೋನಿಗೆ ಬಿದ್ದರೆ ಗಾಬರಿ ಬೇಡ. ವೈದ್ಯರಿಗೆ ಮೊದಲೇ ಹೇಳಿ, ಅಂದೇ ಆಪರೇಷನ್ ಮಾಡಿಸಿ, ಚೆನ್ನಾಗಿ ಎಚ್ಚರವಾದ ಕೂಡಲೇ 24 ಗಂಟೆಯೊಳಗೆ ಬಿಡಿ. ಆಪರೇಷನ್‌ನಿಂದ ಹಾಲು ಬತ್ತುವುದಿಲ್ಲ.

ಮರಿಗಳು ಒಂಟಿಯಾಗಿ ಕಂಡವೆಂದು ಎತ್ತಿ ತರಬೇಡಿ. ತಾಯಿ ಬೇಟೆಗೆ ಹೋಗಿರುತ್ತೆ. ಸುತ್ತ ತೆಳುವಾಗಿ ರಂಗೋಲಿ ಪುಡಿ ಅಥವಾ ಬೂದಿ ಉದುರಿಸಿ ಐದಾರು ಗಂಟೆ ಬಿಟ್ಟು ನೋಡಿ, ಹೆಜ್ಜೆ ಮೂಡಿದ್ದರೆ ತಾಯಿ ಬಂದು ಹೋಗಿದೆ. ಅಕ್ಕಿ ಹಿಟ್ಟು ಬೇಡ, ಇರುವೆ ಬರುತ್ತೆ. ಕಣ್ಣು ಬಿಡದ ಮರಿಗೆ ಇರುವೆಗಿಂತ ದೊಡ್ಡ ಶತ್ರು ಇಲ್ಲ.

ಹಿತ್ತಿಲ ಪಾತಿ (ಉಡುಪಿ)

ನೋಡಿದೆ ಡಾಕ್ಟ್ರೇ. ನಾಲ್ಕು ಮರಿ, ಕಣ್ಣು ಬಿಟ್ಟಿವೆ, ಸರಿಯಾಗಿ ನಡೆಯುತ್ತಿಲ್ಲ. ಅಟ್ಟದಲ್ಲಿ ಹಳೆಯ ಅಡಿಕೆ ಚೀಲಗಳ ಮೇಲೆ ಇವೆ. ಅವು ಅಲ್ಲೇ ಇರಲೇಬೇಕಾ? ಸೂರಿನ ಸಂದಿ ಮುಚ್ಚಿಸಬೇಕು ಅಂತಿದ್ದೆ.

ದನದ ಡಾಕ್ಟ್ರು

ಈಗ ಮುಚ್ಚಿಸಿದರೆ ಮರಿಗಳು ಒಳಗೆ ಸಾಯುತ್ತವೆ, ತಾಯಿ ಹಂಚು ಸರಿಸಿ ನುಗ್ಗುತ್ತೆ. ಬೆಕ್ಕು ಮರಿಗಳಿಗೆ ಏಳು ಮನೆ ತೋರಿಸುತ್ತೆ ಅನ್ನುತ್ತಾರಲ್ಲ, ಆ ಗುಣವನ್ನೇ ಬಳಸಿಕೊಳ್ಳಿ. ಕೊಟ್ಟಿಗೆಯಲ್ಲೋ ಸೌದೆ ಶೆಡ್ಡಿನಲ್ಲೋ ಮಳೆ ಬೀಳದ ಮೂಲೆಗೆ ಒಂದು ರಟ್ಟಿನ ಪೆಟ್ಟಿಗೆ ಇಡಿ. ಬದಿಯಲ್ಲಿ ಅಂಗೈ ಉದ್ದದ ಕಿಂಡಿ, ಒಳಗೆ ಹಳೆ ಗೋಣಿ. ಅಟ್ಟದಲ್ಲಿ ಗೂಡಿನ ಹತ್ತಿರ ಒಂದು ಬಲ್ಬ್ ಉರಿಸಿ, ಸಣ್ಣ ದನಿಯಲ್ಲಿ ರೇಡಿಯೋ ಹಾಕಿ. ಒಂದೆರಡು ರಾತ್ರಿಯಲ್ಲಿ ತಾಯಿಯೇ ಒಂದೊಂದಾಗಿ ಕಚ್ಚಿಕೊಂಡು ಹೋಗುತ್ತೆ. ಎಷ್ಟು ಮರಿ ಹೋದವು ಅಂತ ಎಣಿಸಿ. ನಾಲ್ಕೂ ಹೋದ ಮೇಲೆ ಮಾತ್ರ ಸಂದಿಗೆ ಅರ್ಧ ಇಂಚಿನ ವೆಲ್ಡ್ ಮೆಶ್ ಹೊಡೆಸಿ. ಕೋಳಿ ಬಲೆ ಅಲ್ಲಿ ಸಾಲದು, ಬೆಕ್ಕು ಅದನ್ನು ಬಗ್ಗಿಸಿ ತಲೆ ತೂರಿಸುತ್ತೆ. ತಲೆ ತೂರಿದರೆ ಮೈ ತೂರಿದ ಹಾಗೆ.

ಕಬ್ಬಿಣದಂಗಡಿ

ಬೋನಿನ ಅಳತೆ ಕೊಡುತ್ತೇನೆ, ಯಾವ ವೆಲ್ಡಿಂಗ್ ಶಾಪಿನಲ್ಲೂ ಮಾಡಿಕೊಡುತ್ತಾರೆ. ಇಲಿ ಬೋನಿನ ದೊಡ್ಡ ರೂಪ ಅಂತ ಹೇಳಿ ಸುಮ್ಮನಾದರೆ ಕೆಲಸ ಕೆಡುತ್ತೆ.

ಉದ್ದ 36 ಇಂಚು, ಅಗಲ 12, ಎತ್ತರ 14. ಉದ್ದ ಕಡಿಮೆಯಾದರೆ ಬೆಕ್ಕು ಪೂರ್ತಿ ಒಳಗೆ ಹೋಗುವ ಮೊದಲೇ ಬಾಗಿಲು ಬಿದ್ದು ಬಾಲಕ್ಕೋ ಸೊಂಟಕ್ಕೋ ಏಟು ಬೀಳುತ್ತೆ. 24 ಇಂಚಿನ ಬೋನುಗಳಲ್ಲಿ ಆಗುವ ತೊಂದರೆ ಇದೇ. ಮೆಶ್ ಕಣ್ಣು ಒಂದಿಂಚಿಗಿಂತ ದೊಡ್ಡದು ಬೇಡ, ಅರ್ಧ ಇಂಚಾದರೆ ಇನ್ನೂ ಒಳ್ಳೆಯದು. ದೊಡ್ಡ ಕಣ್ಣಿನಲ್ಲಿ ಬೆಕ್ಕು ಮೂತಿ ತುರುಕಿ ತುರುಕಿ ಮೂಗು ಕಿತ್ತುಕೊಳ್ಳುತ್ತೆ. ಚೌಕಟ್ಟಿಗೆ 6 ಎಂ.ಎಂ. ಸರಳು ಸಾಕು. ಒಳಗಿನ ಬೆಸುಗೆಯ ಚೂಪೆಲ್ಲ ಗ್ರೈಂಡರ್ ಹೊಡೆಸಿ ನಯ ಮಾಡಿಸಿ.

ಕೊಂಡಿಗೆ ಊಟ ನೇತುಹಾಕುವ ಪದ್ಧತಿ ಬೇಡ. ಬೆಕ್ಕು ಎಳೆಯೋದಿಲ್ಲ, ನೆಕ್ಕಿ ಹೋಗುತ್ತೆ. ಹಿಂದಿನ ಮೂರನೇ ಒಂದು ಭಾಗದಲ್ಲಿ ತುಳಿಹಲಗೆ ಇರಲಿ, ತುಳಿದರೆ ಬಾಗಿಲಿನ ಕೊಕ್ಕೆ ಬಿಡಬೇಕು. 800 ಗ್ರಾಂ ತೂಕ ಇಟ್ಟು ಪರೀಕ್ಷೆ ಮಾಡಿ. ಬಾಗಿಲು ಬಿದ್ದ ಮೇಲೆ ಒಳಗಿನಿಂದ ಎತ್ತಲಾಗದಂತೆ ತಾನೇ ಬೀಳುವ ಚಿಲಕ ಬೇಕು, ಬೆಕ್ಕಿನ ಮೂತಿಗೆ ಬಾಗಿಲು ಎತ್ತುವ ಶಕ್ತಿ ಇದೆ. ಹಿಂಬದಿಯಲ್ಲಿ ಮೇಲಕ್ಕೆ ಸರಿಯುವ ಇನ್ನೊಂದು ಬಾಗಿಲು ಇಡಿಸಿ. ಊಟ ಇಡೋದಕ್ಕೆ, ಬೆಕ್ಕನ್ನು ಬೇರೆ ಪಂಜರಕ್ಕೆ ದಾಟಿಸೋದಕ್ಕೆ, ಕೊನೆಗೆ ಬಿಡೋದಕ್ಕೆ ಎಲ್ಲಕ್ಕೂ ಅದೇ ಬೇಕು. ಬಾಗಿಲು ಬೀಳುವ ಪಟ್ಟಿಗೆ ಹಳೆ ಸೈಕಲ್ ಟ್ಯೂಬ್ ಅಂಟಿಸಿ. ಠಣ್ ಅಂತ ಸದ್ದಾದರೆ ಸುತ್ತಲಿನ ಉಳಿದ ಆರು ಬೆಕ್ಕೂ ಆ ವಾರ ಹತ್ತಿರ ಸುಳಿಯೋದಿಲ್ಲ.

ಮೀನುಗಾಡಿ (ಮಲ್ಪೆ)

ಊಟದ ವಿಷಯ ನನಗೆ ಬಿಡಿ ಮಾರಾಯ್ರೇ. ಹಾಲು ಇಡಬೇಡಿ. ವಾಸನೆ ದೂರ ಹೋಗೋದಿಲ್ಲ, ದೊಡ್ಡ ಬೆಕ್ಕಿಗೆ ಹಾಲು ಜೀರ್ಣವಾಗದೆ ಹೊಟ್ಟೆ ಕೆಡುವುದೂ ಇದೆ. ಬೂತಾಯಿ ಅಥವಾ ಬಂಗುಡೆ, ಉಪ್ಪು ಖಾರ ಇಲ್ಲದೆ ಬೇಯಿಸಿ ಹಿಚುಕಿದ್ದು. ಬೇಯಿಸಿದ ನೀರನ್ನು ಬೋನಿನ ಬಾಗಿಲಿನಿಂದ ಒಳಗಿನವರೆಗೆ ಗೆರೆಯಂತೆ ಚಿಮುಕಿಸಿ. ತುಳಿಹಲಗೆಯ ಆಚೆ ಒಂದು ದೊಡ್ಡ ಚಮಚದಷ್ಟು ಮಾತ್ರ ಇಡಿ. ಹೆಚ್ಚಿಟ್ಟರೆ ಹೊಟ್ಟೆ ತುಂಬಿ ಮರುದಿನ ಅರಿವಳಿಕೆ ಕೊಡೋದು ಕಷ್ಟ. ಸ್ಟೀಲ್ ತಟ್ಟೆ, ಪಿಂಗಾಣಿ ಬೇಡ, ಒದ್ದಾಡುವಾಗ ಒಡೆದು ಕಾಲು ಕೊಯ್ಯುತ್ತೆ. ಬಾಳೆಎಲೆ ಚೂರು ಸಾಕು.

ಮೊದಲ ದಿನವೇ ಹಿಡಿಯೋಕೆ ಹೋಗಬೇಡಿ. ಐದಾರು ದಿನ ಬಾಗಿಲನ್ನು ಮೇಲಕ್ಕೆ ತಂತಿಯಲ್ಲಿ ಕಟ್ಟಿ, ಬೋನಿನೊಳಗೇ ಊಟ. ಮೊದಲು ಬಾಗಿಲ ಹತ್ತಿರ, ದಿನಾ ಅರ್ಧ ಅಡಿ ಒಳಗೆ. ತಳಕ್ಕೆ ಪೇಪರ್ ಹಾಸಿ, ತಂತಿಯ ಮೇಲೆ ಕಾಲಿಡೋದು ಬೆಕ್ಕಿಗೆ ಆಗದು. ಎಲ್ಲವೂ ಒಳಗೆ ಹೋಗಿ ತಿನ್ನತೊಡಗಿದ ಮೇಲೆ ಒಂದು ದಿನ ಪೂರ್ತಿ ಊಟ ನಿಲ್ಲಿಸಿ, ಮರುದಿನ ಸಂಜೆ ತಂತಿ ಬಿಚ್ಚಿ. ನೀರು ಮಾತ್ರ ಯಾವತ್ತೂ ನಿಲ್ಲಿಸಬೇಡಿ.

ಇರುವೆ! ಕರಾವಳಿಯಲ್ಲಿ ಕೆಲಸ ಕೆಡಿಸೋದು ಅದೇ. ಬೋನಿನ ನಾಲ್ಕು ಮೂಲೆಗೆ ಇಟ್ಟಿಗೆ, ಇಟ್ಟಿಗೆಯ ಕೆಳಗೆ ನೀರಿನ ತಟ್ಟೆ. ಇರುವೆ ಸೀಮೆಸುಣ್ಣದಲ್ಲಿ ಗೆರೆ ಎಳೀಬೇಡಿ.

ದನದ ಡಾಕ್ಟ್ರು

ಸೀಮೆಸುಣ್ಣ ಯಾಕೆ ಬೇಡ ಅಂದರೆ, ಅದರಲ್ಲಿರುವುದು ಪೈರೆಥ್ರಾಯ್ಡ್ ಕೀಟನಾಶಕ. ಆ ಗುಂಪನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಕಡಿಮೆ. ಇದೇ ಗುಂಪಿನ ಪರ್ಮೆಥ್ರಿನ್ ಇರುವ ನಾಯಿಯ ಉಣ್ಣೆ ಔಷಧವನ್ನು ಬೆಕ್ಕಿಗೆ ಹಚ್ಚಿದರೆ ನಡುಕ, ಸೆಳೆತ ಬಂದು ಸಾಯುತ್ತೆ. ಜ್ವರದ ಪ್ಯಾರಾಸಿಟಮಾಲ್ ಕೂಡ ಹಾಗೆಯೇ, 500 ಮಿ.ಗ್ರಾಂ.ನ ಒಂದು ಮಾತ್ರೆ ಬೆಕ್ಕನ್ನು ಕೊಲ್ಲಲು ಸಾಕು. ಆಪರೇಷನ್ ಆದ ಬೆಕ್ಕಿಗೆ ನೋವಿರಬೇಕು ಅಂತ ಯಾರೂ ಅದನ್ನು ಕೊಡಬಾರದು.

ಮಾಳಬೆಕ್ಕು

ಬೋನು ಬಿಚ್ಚಿಟ್ಟ ಸಂಜೆ ಅದನ್ನು ಒಂಟಿಯಾಗಿ ಬಿಟ್ಟು ಮಲಗಬೇಡಿ. ದೂರದಿಂದ ಕಣ್ಣಿಟ್ಟಿರಿ. ಬಿದ್ದ ಕೂಡಲೇ ಹಳೆ ಬೆಡ್‌ಶೀಟಿನಿಂದ ಪೂರ್ತಿ ಮುಚ್ಚಿ. ಕತ್ತಲಾದರೆ ಎರಡು ನಿಮಿಷದಲ್ಲಿ ಒದ್ದಾಟ ನಿಲ್ಲುತ್ತೆ, ಮುಚ್ಚದಿದ್ದರೆ ಮೂಗು, ಉಗುರು ರಕ್ತ ಮಾಡಿಕೊಳ್ಳುತ್ತೆ. ಬೋನಿನೊಳಗೆ ಕೈ ಹಾಕಲೇಬಾರದು. ಸಂಜೆ ಏಳಕ್ಕೆ ಹಿಡಿದರೆ ಬೆಳಿಗ್ಗೆ ಆಪರೇಷನ್ ಹೊತ್ತಿಗೆ ಹೊಟ್ಟೆ ತಾನೇ ಖಾಲಿಯಾಗಿರುತ್ತೆ. ಹಾಗಾಗಿ ವೈದ್ಯರ ಸಮಯ ಗೊತ್ತುಮಾಡಿಕೊಂಡ ಮೇಲೆಯೇ ಬೋನು ಇಡಿ, ಬೆಕ್ಕು ಹಿಡಿದು ಡಾಕ್ಟರನ್ನು ಹುಡುಕೋದಲ್ಲ. ಶನಿವಾರ ಸಂಜೆ ಬೇಡ.

ಒಂದೆರಡು ಹಳೇ ಕಿಲಾಡಿಗಳು ಬೋನಿನ ಹತ್ತಿರವೇ ಬರೋದಿಲ್ಲ. ಅವಕ್ಕೆ ಎರಡು ಉಪಾಯ. ಒಂದು, ತುಳಿಹಲಗೆಯನ್ನು ಬಿಟ್ಟು, ಎರಡು ಲೀಟರಿನ ನೀರು ತುಂಬಿದ ಬಾಟಲಿಯನ್ನು ಬಾಗಿಲಿಗೆ ಊರೆ ಕೊಟ್ಟು, ಬಾಟಲಿ ಕುತ್ತಿಗೆಗೆ ದಾರ ಕಟ್ಟಿ ಮರೆಯಲ್ಲಿ ಕೂರೋದು. ಬೆಕ್ಕು ಪೂರ್ತಿ ಒಳಗೆ ಹೋಗಿ ತಿನ್ನಲು ತಲೆ ಬಗ್ಗಿಸಿದಾಗ ಎಳೆಯೋದು. ಬಾಲ ಹೊರಗಿದ್ದಾಗ ಅವಸರ ಮಾಡಬೇಡಿ. ಇನ್ನೊಂದು, ಕೋಳಿಗೆ ಬುಟ್ಟಿ ಕವುಚಿದ ಹಾಗೆ: ಮೂರಡಿಗೆ ಮೂರಡಿ, ಒಂದಡಿ ಎತ್ತರದ ಮರದ ಚೌಕಟ್ಟು, ಮೇಲೆ ಬಲೆ, ಒಂದು ಬದಿಯಲ್ಲಿ ಸರಿಸುವ ಬಾಗಿಲು. ಕೋಲಿನ ಊರೆ, ಕೋಲಿಗೆ ಹಗ್ಗ. ಬಿದ್ದ ತಕ್ಷಣ ಒಬ್ಬರು ಮೇಲೆ ಒತ್ತಿ ಹಿಡಿದು ಬೆಡ್‌ಶೀಟ್ ಹಾಕಬೇಕು, ಇನ್ನೊಬ್ಬರು ಸರಿಸುವ ಬಾಗಿಲಿಗೆ ಬೋನು ಜೋಡಿಸಬೇಕು. ಬೋನಿನ ಆ ತುದಿಯ ಬಟ್ಟೆ ಸ್ವಲ್ಪ ಸರಿಸಿದರೆ ಬೆಳಕಿನ ಕಡೆ ತಾನೇ ಓಡುತ್ತೆ. ಒಬ್ಬರಿಂದ ಆಗುವ ಕೆಲಸ ಅಲ್ಲ.

ಘಟ್ಟದ ಮೇಲೆ (ತೀರ್ಥಹಳ್ಳಿ)

ರಾತ್ರಿ ಬೋನು ಇಡುವವರಿಗೆ ಒಂದು ಎಚ್ಚರಿಕೆ. ಮಲೆನಾಡು, ಕರಾವಳಿಯ ಹಿತ್ತಿಲಲ್ಲಿ ಮೀನಿನ ವಾಸನೆಗೆ ಬೆಕ್ಕಷ್ಟೇ ಬರೋದಿಲ್ಲ. ಪುನುಗು ಬೆಕ್ಕು, ಕಬ್ಬೆಕ್ಕು, ಮುಂಗುಸಿ ಬೀಳೋದುಂಟು. ಮೂತಿ ಚೂಪಾಗಿ, ಬಾಲ ಮೈಯಷ್ಟೇ ಉದ್ದವಾಗಿ ಕಂಡರೆ ಅದು ಬೆಕ್ಕೇ ಅಲ್ಲ. ಉದ್ದ ಕಾಲು, ಕಿವಿ ತುದಿಯಲ್ಲಿ ಸಣ್ಣ ಕಪ್ಪು ಕೂದಲು, ಗಿಡ್ಡ ಬಾಲಕ್ಕೆ ಉಂಗುರ ಇದ್ದರೆ ನಿಜವಾದ ಕಾಡುಬೆಕ್ಕು. ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬರುವ ಪ್ರಾಣಿಗಳು. ಫೋಟೋ, ವೀಡಿಯೋ ಅಂತ ನಿಲ್ಲದೆ ಅಲ್ಲೇ ಆಗಲೇ ಹಿಂಬದಿಯ ಬಾಗಿಲು ಎತ್ತಿ ಬಿಟ್ಟುಬಿಡಿ.

ಊರ ಬೆಕ್ಕನ್ನು "ಕಾಡಿಗೆ ಬಿಟ್ಟರೆ ಹಕ್ಕಿ ಹಿಡಿದು ಬದುಕುತ್ತೆ" ಅನ್ನೋರಿಗೂ ಒಂದು ಮಾತು. ಊರ ಬೆಕ್ಕು ಕಾಡುಬೆಕ್ಕಿನ ಜೊತೆ ಕೂಡಿ ಮರಿ ಹಾಕುತ್ತೆ, ಅದರ ತಳಿ ಕೆಡುತ್ತೆ. ಬೆಕ್ಕಿನ ಭೇದಿ ರೋಗ ಕಾಡಿನವಕ್ಕೂ ಹರಡಬಹುದು.

ಮೂರನೇ ಮಹಡಿ (ಬೆಂಗಳೂರು)

ಇಲ್ಲಿ ಒಂದು ಪ್ರಶ್ನೆ. ಅಪಾರ್ಟ್‌ಮೆಂಟ್‌ನಲ್ಲಿ ಊಟ ಹಾಕೋರಿಗೂ ಹಾಕಬಾರದು ಅನ್ನೋರಿಗೂ ದಿನಾ ಜಗಳ. ಊಟ ಹಾಕೋದು ನಿಲ್ಲಿಸಿದರೆ ತಾವೇ ಹೋಗಲ್ವಾ?

ಮಾಳಬೆಕ್ಕು

ಹೋಗಲ್ಲ. ಬೆಕ್ಕು ಜಾಗಕ್ಕೆ ಅಂಟಿಕೊಂಡ ಪ್ರಾಣಿ. ಊಟ ನಿಂತರೆ ಕಸದ ಚೀಲ ಹರಿಯುತ್ತೆ, ಅಡಿಗೆಮನೆಗೆ ನುಗ್ಗುತ್ತೆ, ಹಸಿವಿನಲ್ಲೂ ಮರಿ ಹಾಕುತ್ತೆ. ಆದರೆ ಆಪರೇಷನ್ ಮಾಡಿಸದೆ ಬರೀ ಊಟ ಹಾಕೋದು ಇನ್ನೂ ದೊಡ್ಡ ತಪ್ಪು, ಇದನ್ನು ಊಟ ಹಾಕುವವರಿಗೂ ಮುಖಕ್ಕೆ ಹೇಳಬೇಕು. ಊಟ ಹಾಕುವವರ ಕೈಲಿ ಬೆಕ್ಕುಗಳ ಸಮಯ ಇದೆ, ಅದಿಲ್ಲದೆ ಹಿಡಿಯೋದು ಕಷ್ಟ. ಹಾಗಾಗಿ ಜಗಳ ಬಿಟ್ಟು ಅವರನ್ನೇ ಬೋನಿನ ಕೆಲಸಕ್ಕೆ ಸೇರಿಸಿಕೊಳ್ಳಿ.

ಹಾಕುವುದಾದರೆ ಒಂದೇ ಜಾಗ, ಒಂದೇ ಹೊತ್ತು, ಹಗಲಲ್ಲಿ. ನಾಲ್ಕು ಕೆ.ಜಿ. ಬೆಕ್ಕಿಗೆ ದಿನಕ್ಕೆ 50ರಿಂದ 60 ಗ್ರಾಂ ಒಣ ಆಹಾರ ಸಾಕು. ಅರ್ಧ ಗಂಟೆಯಲ್ಲಿ ಉಳಿದದ್ದನ್ನು ಎತ್ತಿ ತಟ್ಟೆ ತೊಳೆಯಬೇಕು. ರಾತ್ರಿ ಉಳಿದ ಅನ್ನಕ್ಕೆ ಬರೋದು ಇಲಿ, ಹೆಗ್ಗಣ. ಆಗ ಯಾರೋ ಇಲಿ ಪಾಷಾಣ ಇಡುತ್ತಾರೆ, ಅದನ್ನು ತಿಂದ ಇಲಿಯನ್ನು ತಿಂದು ಬೆಕ್ಕು ಸಾಯುತ್ತೆ. ಬಾಗಿಲು, ಲಿಫ್ಟ್, ಮಕ್ಕಳು ಆಡುವ ಜಾಗದಿಂದ ದೂರ ಇಡಿ, ಅಸೋಸಿಯೇಷನ್ ಜಗಳ ಅರ್ಧ ಅಲ್ಲೇ ಮುಗಿಯುತ್ತೆ.

ಬೆಂಗಳೂರಿನವರಿಗೆ ಇನ್ನೊಂದು: ಕಾರಿನ ಎಂಜಿನ್ ಮೇಲೆ ಮರಿಗಳು ಬೆಚ್ಚಗೆ ಮಲಗುತ್ತವೆ. ಸ್ಟಾರ್ಟ್ ಮಾಡೋ ಮುಂಚೆ ಬಾನೆಟ್ ಮೇಲೆ ಎರಡು ಸಲ ಬಡಿದು ಹತ್ತು ಎಣಿಸಿ.

ದನದ ಡಾಕ್ಟ್ರು

ಆಪರೇಷನ್ ದಿನದ ವಿಷಯ. ವೈದ್ಯರ ಹತ್ತಿರ ಮೊದಲೇ ನಾಲ್ಕು ಮಾತು ಕೇಳಿ: ಕೈಗೆ ಸಿಗದ ಬೆಕ್ಕನ್ನು ಬೋನಿನಲ್ಲೇ ಚುಚ್ಚುಮದ್ದು ಕೊಟ್ಟು ಮಲಗಿಸುತ್ತೀರಾ, ಕರಗುವ ದಾರದಲ್ಲಿ ಒಳಹೊಲಿಗೆ ಹಾಕುತ್ತೀರಾ, ಕಿವಿ ಗುರುತು ಮಾಡುತ್ತೀರಾ, ಅದೇ ಹೊತ್ತಿಗೆ ರೇಬೀಸ್ ಲಸಿಕೆ ಹಾಕುತ್ತೀರಾ. ಹೊಲಿಗೆ ಬಿಚ್ಚಲು ಹತ್ತು ದಿನ ಬಿಟ್ಟು ಕರೆತನ್ನಿ ಅಂದರೆ ಆ ವೈದ್ಯರಿಗೆ ಬೀದಿಬೆಕ್ಕಿನ ಅಭ್ಯಾಸ ಇಲ್ಲ, ಇನ್ನೊಬ್ಬರನ್ನು ನೋಡಿ. ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ನ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲೂ ವಿಚಾರಿಸಬಹುದು.

ಹೆಣ್ಣಿಗೆ ಹೊಟ್ಟೆಯ ನಡುವೆ ಅಥವಾ ಪಕ್ಕೆಯಲ್ಲಿ ಕೊಯ್ಯುತ್ತಾರೆ. ಬೀದಿಬೆಕ್ಕಿಗೆ ಪಕ್ಕೆಯದು ಅನುಕೂಲ, ಗಾಯ ಕೆಂಪಾಯಿತಾ, ಬಿಚ್ಚಿತಾ ಅಂತ ದೂರದಿಂದಲೇ ಕಾಣುತ್ತೆ. ಹಾಲಿರುವ ಬೆಕ್ಕಿಗಂತೂ ಅದೇ ಲೇಸು. ಎರಡು ತಿಂಗಳು, ಒಂದು ಕೆ.ಜಿ. ತೂಕದ ಮರಿಗೂ ಮಾಡಬಹುದು. ನಮ್ಮಲ್ಲಿ ಹಲವರು ನಾಲ್ಕೈದು ತಿಂಗಳು, ಎರಡು ಕೆ.ಜಿ. ಆಗಲಿ ಅನ್ನುತ್ತಾರೆ, ಆದರೆ ಅದಕ್ಕಿಂತ ತಡ ಬೇಡ. ದೊಡ್ಡವನ್ನು 8ರಿಂದ 12 ಗಂಟೆ ಉಪವಾಸ ಇಡಬೇಕು, ಮರಿಯನ್ನು ಮೂರು ನಾಲ್ಕು ಗಂಟೆ ಮಾತ್ರ. ಮರಿಯನ್ನು ರಾತ್ರಿಯಿಡೀ ಹಸಿವಿನಲ್ಲಿಟ್ಟರೆ ಸಕ್ಕರೆ ಅಂಶ ಇಳಿದು ಅರಿವಳಿಕೆಯಲ್ಲೇ ಹೋಗಬಹುದು.

ಎಡ ಕಿವಿಯ ತುದಿಯನ್ನು ಒಂದು ಸೆಂ.ಮೀ.ನಷ್ಟು ನೇರವಾಗಿ ತೆಗೆಯುತ್ತಾರೆ, ಮಂಪರಿನಲ್ಲಿರುವಾಗಲೇ. ಬೀದಿನಾಯಿಗಳಿಗೆ ಮಾಡುವಂತೆ ವಿ ಆಕಾರದ ಕಚ್ಚು ಹಾಕಿದರೆ ಜಗಳದಲ್ಲಿ ಹರಿದ ಕಿವಿಯಂತೆ ಕಾಣುತ್ತೆ, ಬೆಕ್ಕಿಗೆ ನೇರ ಕತ್ತರಿಕೆಯೇ ಸರಿ. ಈ ಗುರುತು ಇಲ್ಲದಿದ್ದರೆ ವರ್ಷದ ಮೇಲೆ ಅದೇ ಬೆಕ್ಕನ್ನು ಹಿಡಿದು ಮತ್ತೆ ಹೊಟ್ಟೆ ಕೊಯ್ಯುವಂತಾಗುತ್ತೆ.

ಮನೆಗೆ ತಂದ ಮೇಲೆ ಬೋನಿನಲ್ಲೇ ಇರಲಿ. ಅರಿವಳಿಕೆ ಇಳಿಯುವಾಗ ಮೈ ತಣ್ಣಗಾಗುತ್ತೆ, ಕೆಳಗೆ ಗೋಣಿ ಹಾಕಿ, ಫ್ಯಾನ್ ಬೇಡ. ಸಂಜೆ ತಲೆ ಎತ್ತಿ ನೋಡತೊಡಗಿದ ಮೇಲೆ ನೀರು, ಆಮೇಲೆ ಸ್ವಲ್ಪ ಊಟ. ಗಂಡನ್ನು 24 ಗಂಟೆ, ಹಾಲೂಡಿಸದ ಹೆಣ್ಣನ್ನು 48 ಗಂಟೆ ಇಟ್ಟುಕೊಂಡು ಬಿಡಿ. ವಸಡು ಬೆಳ್ಳಗಾದರೆ, ರಕ್ತ ತೊಟ್ಟಿಕ್ಕುತ್ತಲೇ ಇದ್ದರೆ, ಮರುದಿನವೂ ತೂಗಾಡುತ್ತಿದ್ದರೆ ಬಿಡಬೇಡಿ, ವೈದ್ಯರಿಗೆ ತೋರಿಸಿ. ಬಿಡುವಾಗ ಹಿಡಿದ ಜಾಗದಲ್ಲೇ, ಬೋನಿನ ಬಾಯಿ ರಸ್ತೆಯ ಕಡೆಗಲ್ಲದೆ ಗಿಡದ ಕಡೆಗೆ ತಿರುಗಿಸಿ.

ಒಂದು ಬೆಕ್ಕಿನಿಂದ ಇನ್ನೊಂದಕ್ಕೆ ಬೋನು ಹೋಗುವ ಮುನ್ನ ತೊಳೆಯಲೇಬೇಕು. ಬೆಕ್ಕಿನ ಭೇದಿ ರೋಗದ ವೈರಾಣು ನೆಲದಲ್ಲಿ ಒಂದು ವರ್ಷದವರೆಗೂ ಬದುಕಬಲ್ಲದು, ಡೆಟಾಲ್ ಥರದ್ದಕ್ಕೆ ಬಗ್ಗೋದಿಲ್ಲ. ಸೋಪು ಹಾಕಿ ಉಜ್ಜಿ, ಲೀಟರ್ ನೀರಿಗೆ 6 ಗ್ರಾಂ ಬ್ಲೀಚಿಂಗ್ ಪೌಡರ್ ಕರಗಿಸಿ ಹತ್ತು ನಿಮಿಷ ನೆನೆಸಿ, ತೊಳೆದು ಬಿಸಿಲಿಗಿಡಿ. ಕೊಳೆ ಇದ್ದ ಹಾಗೇ ಬ್ಲೀಚ್ ಹಾಕಿದರೆ ಕೆಲಸ ಮಾಡೋದಿಲ್ಲ.

ಹಿತ್ತಿಲ ಪಾತಿ (ಉಡುಪಿ)

ಎಲ್ಲ ಬರೆದಿಟ್ಟುಕೊಂಡೆ. ಇನ್ನು ಪಾತಿ. ಮೆಣಸಿನ ಪುಡಿ, ಕಾಫಿ ಚರಟ, ನುಸಿಗುಳಿಗೆ, ಫಿನಾಯಿಲ್ ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ದನದ ಡಾಕ್ಟ್ರು

ನಾಲ್ಕೂ ಬೇಡ. ಮೆಣಸಿನ ಪುಡಿ ಪಾದಕ್ಕೆ ಅಂಟಿ, ನೆಕ್ಕಿದಾಗ ಬಾಯಿಗೆ, ಮುಖ ಒರೆಸಿದಾಗ ಕಣ್ಣಿಗೆ ಹೋಗುತ್ತೆ, ಅದು ಹಿಂಸೆಯೇ. ಉಳಿದ ಮೂರೂ ಬೆಕ್ಕಿಗೆ ವಿಷ. ಹರಳು ಹಿಂಡಿಯನ್ನು ಗೊಬ್ಬರವಾಗಿ ಹಾಕುವವರೂ ಗಮನಿಸಿ, ತಿಂದರೆ ನಾಯಿ ಬೆಕ್ಕು ಎರಡೂ ಸಾಯುತ್ತವೆ. ಬೇವಿನ ಹಿಂಡಿ ಬಳಸಿ.

ಕೊತ್ತಿಮನೆ (ಮಂಡ್ಯ)

ಕೊತ್ತಿ ಪಾತಿಗೆ ಬರೋದು ಯಾಕೆ ಅಂತ ನೋಡಿ: ಸಡಿಲವಾದ, ಒಣಗಿದ, ಕೆದರೋಕೆ ಸುಲಭವಾದ ಮಣ್ಣು. ಹೊಸದಾಗಿ ಅಗೆದು ಬೀಜ ಹಾಕಿದ ಪಾತಿ ಅಂದ್ರೆ ಅದಕ್ಕೆ ಹಬ್ಬ. ಆ ಮೂರು ಗುಣದಲ್ಲಿ ಒಂದನ್ನು ಕೆಡಿಸಿದರೆ ಸಾಕು. ಬೀಜ ಹಾಕಿದ ದಿನವೇ ಒಂದಿಂಚು ಕಣ್ಣಿನ ಕೋಳಿ ಬಲೆಯನ್ನು ಮಣ್ಣಿನ ಮೇಲೆ ಮಟ್ಟಸವಾಗಿ ಹಾಸಿ, ಅಂಚನ್ನು ಕಲ್ಲಿನಿಂದ ಒತ್ತಿ. ಹರಿವೆ, ಕೊತ್ತಂಬರಿ ಕಣ್ಣಿನೊಳಗಿಂದಲೇ ಬರುತ್ತೆ. ಬೆಂಡೆ, ಬದನೆಗೆ ಗಿಡದ ಜಾಗದಲ್ಲಿ ಕತ್ತರಿಸಿ ಬಿಡಿ. ಬಲೆ ಇಲ್ಲದಿದ್ದರೆ ಒಂದಡಿಯ ಬಿದಿರು ಕಡ್ಡಿ ಅಥವಾ ತೆಂಗಿನ ಗರಿ ಕಡ್ಡಿಗಳನ್ನು ನಾಲ್ಕೈದು ಇಂಚಿಗೊಂದರಂತೆ ಊರಿ, ತಿರುಗಿ ಕೂರೋಕೆ ಜಾಗ ಸಿಗಬಾರದು. ದೊಡ್ಡ ಗಿಡಗಳ ಬುಡಕ್ಕೆ ತೆಂಗಿನ ಸಿಪ್ಪೆಯ ದಪ್ಪ ತುಂಡು, ಜಂಬಿಟ್ಟಿಗೆ ಚೂರು. ತೆಂಗಿನ ನಾರಿನ ಪುಡಿ ಮಾತ್ರ ಹಾಕಬೇಡಿ, ಅದು ಅವಕ್ಕೆ ಮಣ್ಣಿಗಿಂತ ಇಷ್ಟ! ಕಿತ್ತಳೆ ಸಿಪ್ಪೆ ಎರಡು ದಿನ ನಡೆಯುತ್ತೆ, ಮೂರನೇ ದಿನ ಒಣಗಿ ಕಸ.

ಬರೀ ತಡೆದರೆ ಪಕ್ಕದವರ ಪಾತಿಗೆ ಹೋಗ್ತವೆ. ಅದಕ್ಕೇ ಅವಕ್ಕೊಂದು ಜಾಗ ಮಾಡಿಕೊಡಿ. ಮೂಲೆಯಲ್ಲಿ, ಮಳೆ ಬೀಳದ ಕಡೆ, ಎರಡಡಿಗೆ ಮೂರಡಿ, ಅರ್ಧ ಅಡಿ ಆಳ, ನಯವಾದ ಹೊಳೆ ಮರಳು. ಎಂ-ಸ್ಯಾಂಡ್ ಚುಚ್ಚುತ್ತೆ, ಹೋಗಲ್ಲ. ಶುರುವಿಗೆ ಪಾತಿಯಿಂದ ತೆಗೆದ ಒಂದು ಗಡ್ಡೆ ಹೊಲಸನ್ನು ಅಲ್ಲಿ ಹೂಳಿ, ವಾಸನೆ ಹಿಡಿದು ಬರುತ್ತವೆ. ದಿನಾ ಬೆಳಿಗ್ಗೆ ಸೌಟಿನಂಥದ್ದರಲ್ಲಿ ಎತ್ತಿ ಒಂದೂವರೆ ಅಡಿ ಗುಂಡಿಯಲ್ಲಿ ಹೂಳಿ, ತರಕಾರಿ ಗೊಬ್ಬರದ ಗುಂಡಿಗೆ ಹಾಕಬೇಡಿ. ಏಳು ಕೊತ್ತಿಗೆ ಒಂದು ಸಾಲಲ್ಲ, ಎರಡು ಮಾಡಿ.

ದನದ ಡಾಕ್ಟ್ರು

ದಿನಾ ಎತ್ತುವುದಕ್ಕೆ ಇನ್ನೊಂದು ಕಾರಣ ಇದೆ. ಮನುಷ್ಯರಿಗೂ ಅಂಟುವ, ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ ತರುವ ಟಾಕ್ಸೋಪ್ಲಾಸ್ಮಾ ಕ್ರಿಮಿಯ ಮೊಟ್ಟೆ ಮಲದೊಂದಿಗೆ ಬಿದ್ದ ತಕ್ಷಣ ಅಂಟುವುದಿಲ್ಲ, ಪಕ್ವವಾಗಲು ಒಂದರಿಂದ ಐದು ದಿನ ಬೇಕು. ಅಷ್ಟರೊಳಗೆ ಎತ್ತಿದರೆ ಅಪಾಯ ತೀರಾ ಕಡಿಮೆ. ಮಣ್ಣಿಗೆ ಸೇರಿದರೆ ವರ್ಷಗಟ್ಟಲೆ ಉಳಿಯಬಹುದು. ಪಾತಿ ಕೆಲಸಕ್ಕೆ ಗ್ಲೌಸ್ ಹಾಕಿ, ಸೊಪ್ಪನ್ನು ಮೂರು ನೀರಲ್ಲಿ ತೊಳೆದು ಬೇಯಿಸಿ. ಬಸುರಿ ಹೆಂಗಸರು ಈ ಕೆಲಸಕ್ಕೆ ಕೈಹಾಕದಿರಲಿ. ಬೆಕ್ಕನ್ನು ಕಂಡರೇ ಹೆದರಬೇಕಾಗಿಲ್ಲ. ಸಾಮಾನ್ಯವಾಗಿ ಮೊದಲ ಸೋಂಕಿನಲ್ಲಿ, ಒಂದೆರಡು ವಾರ ಮಾತ್ರ ಬೆಕ್ಕು ಈ ಮೊಟ್ಟೆ ಹಾಕುತ್ತೆ.

ಕಚ್ಚಿದರೆ ಅಥವಾ ಪರಚಿದರೆ ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮದೊಳಗೆ ಕೊಡುವ ರೇಬೀಸ್ ಲಸಿಕೆ 0, 3, 7, 28ನೇ ದಿನ. ರಕ್ತ ಬಂದ ಗಾಯಕ್ಕೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಬೇಕು, ಕೇಳಿ ಹಾಕಿಸಿಕೊಳ್ಳಿ. ಬೆಕ್ಕಿನ ಹಲ್ಲು ಸೂಜಿಯಂತೆ, ಮೇಲೆ ಚುಕ್ಕಿ ಕಂಡರೂ ಒಳಗೆ ಆಳ, ಮರುದಿನಕ್ಕೇ ಕೈ ಊದುತ್ತೆ. ಹಾಗಾಗಿ ಲಸಿಕೆಯ ಜೊತೆ ಆ ಗಾಯವನ್ನೂ ವೈದ್ಯರಿಗೆ ತೋರಿಸಿ.

ಕಬ್ಬಿಣದಂಗಡಿ

ಕಾಂಪೌಂಡ್ ಮೇಲೆ ಗಾಜಿನ ಚೂರು ಕೂರಿಸಿದ್ದರೆ ತೆಗೆಸಿ. ಬೆಕ್ಕು ನಿಲ್ಲೋದಿಲ್ಲ, ಪಾದ ಕೊಯ್ದುಕೊಳ್ಳುತ್ತೆ ಅಷ್ಟೆ. ಗೋಡೆಯ ಮೇಲೆ ಎರಡು ಕಬ್ಬಿಣದ ಕೊಂಡಿ ನೆಟ್ಟು ನಡುವೆ ಬಿಗಿ ತಂತಿ, ತಂತಿಗೆ ಮೂರಿಂಚಿನ ಪಿವಿಸಿ ಪೈಪ್ ಪೋಣಿಸಿ. ಬೆಕ್ಕು ಹಾರಿ ಹಿಡಿದರೆ ಪೈಪ್ ತಿರುಗಿ ಹಿಡಿತ ತಪ್ಪುತ್ತೆ. ಗೋಡೆ ಆರಡಿ ಇದ್ದರೆ ಮಾತ್ರ ಇದು ಉಪಯೋಗ, ಪಕ್ಕದಲ್ಲಿ ನುಗ್ಗೆ ಮರ ಇದ್ದರೆ ಅದೂ ದಂಡ.

ಹಿತ್ತಿಲ ಪಾತಿ (ಉಡುಪಿ)

ನುಗ್ಗೆ ಮರ ಎರಡು ಇವೆ! ಪೈಪ್ ಬಿಟ್ಟೆ. ಬಾಗಿಲಿನ ಮೂತ್ರದ ವಾಸನೆಗೆ?

ಮಾಳಬೆಕ್ಕು

ಆಪರೇಷನ್ ಆದ ಗಂಡುಗಳಲ್ಲಿ ಹೆಚ್ಚಿನವು ಹಾರಿಸೋದು ನಿಲ್ಲಿಸುತ್ತವೆ, ಆದರೆ ಮರುದಿನವೇ ಅಲ್ಲ. ಮೈಯಲ್ಲಿರುವ ಹಾರ್ಮೋನ್ ಇಳಿಯಲು ಐದಾರು ವಾರ ಬೇಕು. ಆ ಅವಧಿಯಲ್ಲಿ ಗಬ್ಬ ಮಾಡುವ ಶಕ್ತಿಯೂ ಸ್ವಲ್ಪ ಉಳಿದಿರುತ್ತೆ. ಹಳೆ ವಾಸನೆ ಉಳಿದರೆ ಅಲ್ಲೇ ಮತ್ತೆ ಹಾರಿಸುತ್ತವೆ. ಎನ್‌ಜೈಮ್ ಇರುವ ಬಟ್ಟೆ ಸೋಪಿನ ಪುಡಿ ಒಂದು ಪಾಲು, ಉಗುರು ಬೆಚ್ಚಗಿನ ನೀರು ಒಂಬತ್ತು ಪಾಲು, ಉಜ್ಜಿ ಹತ್ತು ನಿಮಿಷ ಬಿಟ್ಟು ತೊಳೆದು, ಒಣಗಿದ ಮೇಲೆ ಸರ್ಜಿಕಲ್ ಸ್ಪಿರಿಟ್ ಒರೆಸಿ. ಕುದಿ ನೀರು ಎನ್‌ಜೈಮನ್ನು ಕೊಲ್ಲುತ್ತೆ. ಮೂತ್ರದ ಮೇಲೆ ಬ್ಲೀಚ್ ಸುರಿಯಬೇಡಿ, ಕೆಟ್ಟ ಗ್ಯಾಸ್ ಏಳುತ್ತೆ.

ಮೂರನೇ ಮಹಡಿ (ಬೆಂಗಳೂರು)

ನಮ್ಮಲ್ಲಿ ಒಬ್ಬರು ವಿಷ ಇಡುತ್ತೇನೆ ಅಂತಲೇ ಗ್ರೂಪ್‌ನಲ್ಲಿ ಬರೆದಿದ್ದಾರೆ. ಕಾನೂನು ಏನು ಹೇಳುತ್ತೆ?

ಘಟ್ಟದ ಮೇಲೆ (ತೀರ್ಥಹಳ್ಳಿ)

ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ: ಪ್ರಾಣಿಯನ್ನು ಕೊಂದರೆ, ವಿಷವಿಟ್ಟರೆ, ಅಂಗ ಊನ ಮಾಡಿದರೆ ಐದು ವರ್ಷದವರೆಗೆ ಜೈಲು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮೂ ಸೇರುತ್ತೆ. ಆ ಮೆಸೇಜನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟು ಅಸೋಸಿಯೇಷನ್‌ಗೆ ಲಿಖಿತವಾಗಿ ಕೊಡಿ.

ಹಿತ್ತಿಲ ಪಾತಿ (ಉಡುಪಿ)

ತಾಯಿ ಮೂರು ಮರಿಗಳನ್ನು ಸೌದೆ ಶೆಡ್ಡಿಗೆ ಸಾಗಿಸಿದೆ, ಒಂದು ಇನ್ನೂ ಅಟ್ಟದಲ್ಲಿದೆ. ನಾನೇ ಇಳಿಸಿ ಇಡಲಾ? ಈ ಮರಿಗಳನ್ನು ಯಾರಿಗಾದರೂ ಸಾಕಲು ಕೊಡಬಹುದಾ?

ದನದ ಡಾಕ್ಟ್ರು

ಇವತ್ತು ರಾತ್ರಿ ಕಾಯಿರಿ, ಕೊನೆಯದನ್ನು ಒಯ್ಯಲು ಬಂದೇ ಬರುತ್ತೆ. ಬೆಳಿಗ್ಗೆಯೂ ಅಲ್ಲೇ ಇದ್ದರೆ ದಪ್ಪ ಟವೆಲಿನಲ್ಲಿ ಎತ್ತಿ ಪೆಟ್ಟಿಗೆಯ ಪಕ್ಕ ಇಟ್ಟು ದೂರ ಸರಿಯಿರಿ. ಮನುಷ್ಯರ ವಾಸನೆ ತಾಗಿದರೆ ತಾಯಿ ಬಿಡುತ್ತೆ ಅನ್ನೋದು ಸುಳ್ಳು.

ಸಾಕಲು ಕೊಡುವುದಾದರೆ ಐದರಿಂದ ಎಂಟನೇ ವಾರದೊಳಗೆ ಕೈಹಿಡಿತಕ್ಕೆ ತರಬೇಕು. ದಿನಕ್ಕೆ ಮೂರ್ನಾಲ್ಕು ಸಲ, ಊಟ ನಿಮ್ಮ ಬೆರಳಿನಿಂದಲೇ. ನಾಲ್ಕು ತಿಂಗಳು ದಾಟಿದವು ಮನುಷ್ಯರಿಗೆ ಒಗ್ಗೋದು ಕಷ್ಟ, ಅವನ್ನು ಆಪರೇಷನ್ ಮಾಡಿಸಿ ಹಿತ್ತಿಲಿಗೇ ಬಿಡಿ. ಕೊಡುವಾಗ ಆಪರೇಷನ್ ತಾರೀಕು ಬರೆದುಕೊಡದೆ ಕೊಡಬೇಡಿ.

ಮೀನುಗಾಡಿ (ಮಲ್ಪೆ)

ಜೂನ್ ಮಳೆ ಹಿಡಿಯೋ ಮುಂಚೆ ಬೋನಿನ ಕೆಲಸ ಮುಗಿಸಿ ಮಾರಾಯ್ರೇ. ಮಳೆಯಲ್ಲಿ ಮೀನಿನ ವಾಸನೆ ತೊಳೆದು ಹೋಗುತ್ತೆ, ಬೆಕ್ಕು ಶೆಡ್ಡಿನಿಂದ ಹೊರಗೇ ಬರೋದಿಲ್ಲ, ಆಪರೇಷನ್ ಆದದ್ದನ್ನು ಒದ್ದೆ ನೆಲಕ್ಕೆ ಬಿಡೋ ಹಾಗೂ ಇಲ್ಲ. ಬಂಗುಡೆಯ ತಲೆ, ಕರುಳು ಹಿತ್ತಿಲಿಗೆ ಎಸೆಯೋದನ್ನು ಇವತ್ತಿಂದಲೇ ನಿಲ್ಲಿಸಿ, ಇಲ್ಲದಿದ್ದರೆ ಬೋನಿನೊಳಗಿನ ಒಂದು ಚಮಚಕ್ಕೆ ಯಾವ ಬೆಕ್ಕು ಬಂದೀತು?

ಹಿತ್ತಿಲ ಪಾತಿ (ಉಡುಪಿ)

ನಾಲ್ಕನೆಯದೂ ಶೆಡ್ಡಿಗೆ ಬಂತು. ಮೆಶ್‌ಗೆ ಅಳತೆ ತೆಗೆಯಲು ಹೇಳಿದ್ದೇನೆ, ಬೋನು ಬುಧವಾರ ಸಿಗುತ್ತೆ. ಮೂರು ಬಣ್ಣದ ಹೆಣ್ಣು ಪಟ್ಟಿಯಲ್ಲಿ ಮೊದಲು.